ಮುಂದಿನ ಬ್ರೇಕಿನ ನಾಲ್ಕು ಸುತ್ತು

ನನ್ನ ಸೈಕಲ್ಲಿಗೆ ಒಂದೂವರೆ ವರ್ಷದಲ್ಲಿ ಮೂರು ಸಲ ಬ್ರೇಕ್ ಬದಲಾಯಿಸಿದೆ. ಮೂರೂ ಸಲ ಅದು ರಾಯಚೂರಿನ ಅಂಗಡಿ ಮುಂದೆ ಗಕ್ಕನೆ ನಿಂತಿತು, ಮಾನ್ವಿಯ ನಮ್ಮ ಮನೆಗೆ ಬಂದು ನಾಲ್ಕು ದಿನ ಕಳೆಯುವಷ್ಟರಲ್ಲಿ ನಿಲ್ಲುವುದನ್ನೇ ಮರೆಯಿತು. ನಮ್ಮ ಮನೆಯಲ್ಲಿ ನನ್ನ ಮಾತು ಕೇಳದವರು ಮೊದಲೇ ಕಡಿಮೆಯೇನಿರಲಿಲ್ಲ. ಇದೂ ಅವರ ಜೊತೆ ಸೇರಿಕೊಂಡಿತು.

ಈ ಸೈಕಲ್ ಸಹವಾಸ ಶುರುವಾದದ್ದು ಶುಗರಿನಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ವಯಸ್ಸು ನಲವತ್ನಾಲ್ಕು. ರಾಯಚೂರಿನ ಡಾಕ್ಟರು ರಿಪೋರ್ಟ್ ನೋಡಿ, "ಬಾರ್ಡರಿನಾಗ ಅದರೀ ಮೇಡಂ, ದಿನಾ ನಡೀರಿ" ಅಂದರು. ಮಾನ್ವಿಯಲ್ಲಿ ನಡೆಯುವುದು ಅವರು ಅಂದುಕೊಂಡಷ್ಟು ಸುಲಭವಲ್ಲ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಯಾವನಾದರೂ ಹಳೇ ವಿದ್ಯಾರ್ಥಿ ಬೈಕ್ ನಿಲ್ಲಿಸಿ, "ಯಾಕ್ರಿ ಮೇಡಂ, ಗಾಡಿ ಕೆಟ್ಟದೇನ್ರಿ? ಬರ್ರಿ, ಕುಂದರ್ರಿ" ಅನ್ನುತ್ತಾನೆ. ವ್ಯಾಯಾಮ ಮಾಡುತ್ತಿದ್ದೇನೆ ಅಂದರೆ ನಂಬುವುದಿಲ್ಲ, ಮೇಡಂ ಸಂಕೋಚ ಪಡುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಮೂರು ವಾರ ಹೀಗೆ ಕಂಡವರ ಬೈಕಿನ ಹಿಂದೆ ಕೂತು ವಾಕಿಂಗ್ ಮಾಡಿದೆ. ತೂಕ ಒಂದು ಕಿಲೋ ಹೆಚ್ಚಾಯಿತು.

ಮತ್ತೆ ಹೋದಾಗ ಅದೇ ಡಾಕ್ಟರು, "ಹಂಗಾದ್ರ ಸೈಕಲ್ ಹೊಡೀರಿ" ಅಂದು, ತಮ್ಮದೇ ಸೈಕಲ್ ತೋರಿಸಿದರು. ಕೊರೊನಾ ಕಾಲದಲ್ಲಿ ಆಸೆಪಟ್ಟು ತರಿಸಿ, ಎರಡು ವಾರ ಹೊಡೆದು, ಆಮೇಲೆ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ಕಾಯಿಲೆ ಹೇಳಿದವರೇ ಔಷಧಿಯನ್ನೂ ಕೈಗೆ ಕೊಟ್ಟರು. ನಾನು ಬೇಡ ಅನ್ನಲಿಲ್ಲ, ಯಾಕೆಂದರೆ ಸೈಕಲ್ ಚೆಂದವಿತ್ತು.

ಅದರ ಜಾತಿ ಸೈಕ್ಲೋಕ್ರಾಸ್ ಅಂತೆ. ಹ್ಯಾಂಡಲ್ ಟಗರಿನ ಕೋಡಿನಂತೆ ಕೆಳಗೆ ಸುತ್ತಿಕೊಂಡಿರುತ್ತದೆ, ಟೈರಿಗೆ ಮಾತ್ರ ಗುಬಟು ಗುಬಟು. ಹೊರದೇಶದಲ್ಲಿ ಚಳಿಗಾಲದ ಕೆಸರಿನಲ್ಲಿ ಇದರ ಮೇಲೆ ರೇಸು ಮಾಡುತ್ತಾರೆ, ಅಡ್ಡಿ ಬಂದ ಕಡೆ ಇಳಿದು ಸೈಕಲ್ ಹೆಗಲ ಮೇಲೆ ಹೊತ್ತು ಓಡುತ್ತಾರೆ ಅಂತ ಡಾಕ್ಟರು ಹೇಳಿದರು. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಯಾವ ವಿಷಯಕ್ಕೂ ಎರಡು ಸಾಲಿಗಿಂತ ಹೆಚ್ಚು ಟಿಪ್ಪಣಿ ಬರೆಯದ ಮನುಷ್ಯ. ಅವನು ಸೈಕಲ್ ಸುತ್ತ ಒಂದು ಸಲ ತಿರುಗಿ, "ಕೆಸರಾಗ ಸೈಕಲ್ ಹೊತಗೊಂಡು ಓಡೋದಕ್ಕ ಅವರ ಕಡಿ ರೇಸ್ ಅಂತಾರೇನು? ನಮ್ಮ ಕಡಿ ಹೊಲಕ್ಕ ಹೋಗೋದು ಅಂತಾರ" ಅಂದ.

ಅಪ್ಪ ನಮ್ಮ ಜೊತೆಗೇ ಇರುವುದು. ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿದ್ದವನು, ತೂಬಿನ ಗೇಟು ತಿರುಗಿಸಿ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಸಿರವಾರದಿಂದ ಮಲ್ಲಟದವರೆಗೆ ಕಾಲುವೆ ಏರಿಯ ಮೇಲೆ ಅವನ ಸೈಕಲ್ ತುಳಿಯದ ಜಾಗವಿಲ್ಲ. ಅವನು ಹೊಸ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಂದಿನ ಗಾಲಿಯನ್ನು ಬಹಳ ಹೊತ್ತು ನೋಡಿದ. ಮರುದಿನದಿಂದ ಮುಂಜಾನೆ ಎದ್ದ ಕೂಡಲೇ ತನ್ನ ಹಳೇ ಟವೆಲ್ ತಗೊಂಡು ಸೈಕಲ್ ಒರೆಸುವ ಕೆಲಸ ಹಚ್ಚಿಕೊಂಡ. ನಮ್ಮ ಹಾಲಿನಲ್ಲಿ ಬುದ್ಧನ ಫೋಟೋದ ಕೆಳಗೇ ಸೈಕಲ್ ನಿಲ್ಲುತ್ತಿತ್ತು. ನಾನು ಚಹಾಕ್ಕೆ ಇಡುವ ಹೊತ್ತಿಗೆ ಅಪ್ಪ ಒಂದೊಂದು ಕಡ್ಡಿಯನ್ನೂ ಬಿಡದೆ ಒರೆಸುತ್ತಿದ್ದ. ಎಪ್ಪತ್ತಾರನೇ ವಯಸ್ಸಿಗೆ ಒಂದು ಕೆಲಸ ಸಿಕ್ಕಿತಲ್ಲ ಅಂತ ನನಗೆ ಖುಷಿಯೇ ಆಗಿತ್ತು.

ಇನ್ನು ಬ್ರೇಕಿನ ಕತೆ. ಸೈಕಲ್ ಜೊತೆ ಬಂದದ್ದು ಕ್ಯಾಂಟಿಲಿವರ್ ಬ್ರೇಕು. ಗಾಲಿಯ ಎರಡೂ ಕಡೆ ಎರಡು ಮೊಣಕೈ ಚಾಚಿಕೊಂಡಿರುತ್ತವೆ, ನಡುವೆ ಒಂದು ವೈರು ಅವನ್ನು ಮೇಲಕ್ಕೆ ಜಗ್ಗುತ್ತದೆ. ಕೆಸರು ಸಿಕ್ಕಿಕೊಳ್ಳದಂತೆ ಜಾಗ ಬಿಟ್ಟು ಮಾಡಿದ ಬ್ರೇಕು ಅದು. ಜಾಗ ಬಿಡುವುದರಲ್ಲೇ ಅದರ ಬುದ್ಧಿಯೆಲ್ಲ ಖರ್ಚಾಗಿತ್ತು. ಹಿಡಿದರೆ ನಿಲ್ಲುತ್ತಿರಲಿಲ್ಲ, ಕಿರುಚುತ್ತಿತ್ತು. ಆ ಕಿರುಚಾಟಕ್ಕೆ ಕಲ್ಲೂರಿನ ದಾರಿಯಲ್ಲಿ ಎಮ್ಮೆಗಳು, ಟ್ರ್ಯಾಕ್ಟರಿನವರು, ಒಮ್ಮೆ ಮದುವೆಯ ಬ್ಯಾಂಡಿನವರು ಕೂಡ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು.

ಊರೆಲ್ಲ ಸೇರಿ ನನಗೆ ಹೇಳಿದ್ದು ಒಂದೇ ಮಾತು. ಪಕ್ಕದ ಮನೆಯವರು, ಶಾಲೆಯ ಜವಾನ, ಬಸ್ಸಿನ ಕಂಡಕ್ಟರು, ಎಂಟನೇ ಕ್ಲಾಸಿನ ಹುಡುಗಿಯರು, ಎಲ್ಲರದ್ದೂ ಅದೇ: "ಮೇಡಂ, ಮುಂದಿನ ಬ್ರೇಕ್ ಮಾತ್ರ ಹಿಡೀಬ್ಯಾಡ್ರಿ, ಮಗುಚಿ ಬೀಳ್ತೀರಿ." ನಮ್ಮ ಕಡೆ ಇದು ಧರ್ಮದಂತೆ. ಸೈಕಲ್ ಕಲಿಸುವವರು ಮೊದಲು ಮುಂದಿನ ಬ್ರೇಕ್ ಬಿಚ್ಚಿ ಅಟ್ಟದ ಮೇಲೆ ಹಾಕುತ್ತಾರೆ. ನನಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಓಡುವ ಸೈಕಲ್ ನಿಲ್ಲುವಾಗ ಭಾರ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಾಗಾಗಿ ನಿಲ್ಲಿಸುವ ತಾಕತ್ತು ಇರುವುದು ಮುಂದಿನ ಬ್ರೇಕಿಗೇ. ಹಿಂದಿನದನ್ನು ಎಷ್ಟು ಹಿಡಿದರೂ ಗಾಲಿ ಜಾರುತ್ತದೆ ಅಷ್ಟೆ. ಮೈ ಹಿಂದಕ್ಕೆ ಹಾಕಿ, ಹದವಾಗಿ ಹಿಡಿದರೆ ಯಾರೂ ಮಗುಚುವುದಿಲ್ಲ. ಇದನ್ನು ನಾನು ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದೆ. ಹುಡುಗರು ಬರೆದುಕೊಂಡರು. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನವನೊಬ್ಬ ಬಂದು, "ಅದು ಪರೀಕ್ಷಾದಾಗ ಬರೀತೀನ್ರಿ ಮೇಡಂ, ಆದ್ರ ನೀವು ಹಿಡೀಬ್ಯಾಡ್ರಿ" ಅಂದ.

ಒಂದು ಭಾನುವಾರ ದೇವದುರ್ಗದ ಕಡೆ ಹೋಗಿದ್ದೆ. ಸಿರವಾರ ದಾಟಿದ ಮೇಲೆ ಗದ್ದೆಯ ಸಪಾಟು ಮುಗಿದು ಕಲ್ಲುಗುಡ್ಡಗಳು ಶುರುವಾಗುತ್ತವೆ, ರಸ್ತೆ ಏರಿಳಿಯುತ್ತದೆ. ನನಗೆ ಆ ಇಳಿಜಾರಿನ ಚಟ. ಅವತ್ತು ಇಳಿಜಾರಿನ ತಳದಲ್ಲಿ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಎರಡೂ ಬ್ರೇಕ್ ಹಿಡಿದೆ. ಅವು ಎಂದಿನಂತೆ ಕಿರುಚಿದವು, ನಾನೂ ಕಿರುಚಿದೆ, ಕುರಿಗಳೂ ಕಿರುಚಿದವು. ಹಿಂಡು ಎರಡು ಪಾಲಾಯಿತು, ನಡುವೆ ನಾನು ಹಾದು ಹೋದೆ. ಕುರುಬ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ಬೈಯುವುದನ್ನೂ ಮರೆತಿದ್ದ. ಮನೆಗೆ ಬಂದು ಇದನ್ನು ನಗಾಡುತ್ತ ಹೇಳಿದ್ದು ನನ್ನ ತಪ್ಪು. ಗಂಡ ನಗಲಿಲ್ಲ. "ಬ್ರೇಕ್ ನೆಟ್ಟಗಾಗಲಿಲ್ಲಾಂದ್ರ ಸೈಕಲ್ ಮನ್ಯಾಗ ಇರಂಗಿಲ್ಲ" ಅಂದ. ಒಂದೇ ಸಾಲಿನ ಟಿಪ್ಪಣಿ. ಅವನು ಅಷ್ಟು ಚಿಕ್ಕದಾಗಿ ಬರೆದರೆ ಅದರ ಮೇಲೆ ಅಪೀಲು ಇರುವುದಿಲ್ಲ ಅಂತ ನನಗೆ ಗೊತ್ತು.

ಸೈಕಲ್ಲನ್ನು ಬಸ್ಸಿನ ಟಾಪಿಗೇರಿಸಿ ರಾಯಚೂರಿಗೆ ಒಯ್ದೆ. ತೀನ್ ಕಂದೀಲ್ ಸರ್ಕಲ್ ಹತ್ತಿರದ ಸಂದಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಬಿಳಿ ಗಡ್ಡ, ಕನ್ನಡಕಕ್ಕೆ ದಾರ ಕಟ್ಟಿರುತ್ತಾರೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಅವರದು ಮನೆಯಲ್ಲಿ ದಖ್ಖನಿ, ಗಿರಾಕಿಗಳ ಜೊತೆ ಕನ್ನಡ, ಸೈಕಲ್ಲಿನ ಜೊತೆ ಬೈಗುಳ. ಹಳೇ ಕಾಲದ ಮನುಷ್ಯ, ಇಂಥ ಸೈಕಲ್ ಏನು ಗೊತ್ತು ಅಂತ ಅನುಮಾನದಲ್ಲೇ ಹೋಗಿದ್ದೆ. ಅವರು ಮೊಬೈಲಿನಲ್ಲಿ ದಿನಾ ಹೊರದೇಶದ ಮೆಕ್ಯಾನಿಕ್ಕುಗಳ ವಿಡಿಯೋ ನೋಡಿ, ಅವರ ತಪ್ಪು ಹುಡುಕುವ ಚಟದವರು ಅಂತ ಆಮೇಲೆ ತಿಳಿಯಿತು.

"ರಬ್ಬರ್ ಕಲ್ಲಾಗ್ಯಾವ" ಅಂದರು. ಗಾಲಿಗೆ ಒತ್ತುವ ರಬ್ಬರಿನ ಗುಟ್ಟಿಗಳನ್ನು ಬದಲಾಯಿಸಿ, ಒಳ್ಳೆಯ ಮೆತ್ತನೆಯವನ್ನು ಹಾಕಿ, ವೈರು ಹೊಸದು ಹಾಕಿ, ಗುಟ್ಟಿಗಳನ್ನು ಒಂಚೂರು ಓರೆಯಾಗಿ ಕೂಡಿಸಿ ಕಿರುಚಾಟ ನಿಲ್ಲಿಸಿದರು. ಸಂದಿಯಲ್ಲೇ ಹೊಡೆದು ನೋಡಿದೆ, ನಿಂತಿತು. "ಹೊಸಾ ವೈರ್ ಒಂಚೂರು ಜಗ್ಗತದ. ಆದ್ರ ನೀವು ಕೈ ಹಚ್ಚಬ್ಯಾಡ್ರಿ, ನನ್ನ ಕಡಿ ತರ್ರಿ" ಅಂದರು. ಕೈ ಹಚ್ಚುವ ಭಯ ಅವರಿಗೆ ಬೇಕಿರಲಿಲ್ಲ. ನಾನು ಬೋರ್ಡಿನ ಮೇಲೆ ಬಲದ ಬಾಣ ಬರೆಯುವವಳೇ ಹೊರತು, ಮನೆಯ ಬಲ್ಬನ್ನೂ ಗಂಡನೇ ಬದಲಾಯಿಸುವುದು.

ನಾಲ್ಕು ದಿನಕ್ಕೆ ಮುಂದಿನ ಬ್ರೇಕು ಸಡಿಲಾಯಿತು. ವೈರು ಜಗ್ಗಿರಬೇಕು ಅಂದುಕೊಂಡೆ. ಮತ್ತೆ ಒಯ್ದೆ, ಮತ್ತೆ ಬಿಗಿ ಮಾಡಿದರು, ಮತ್ತೆ ಸಡಿಲಾಯಿತು. ಆಮೇಲೆ ಇಬ್ಬರೂ ಕೂತು ಮಿನಿ ವಿ ಅನ್ನುವ ಬ್ರೇಕ್ ಹಾಕಿಸುವುದು ಅಂತ ತೀರ್ಮಾನಿಸಿದೆವು. ಅದರ ತೋಳುಗಳು ನೆಟ್ಟಗಿರುತ್ತವೆ, ಹಿಡಿತ ಜೋರು, ಆದರೆ ಗಾಲಿಗೆ ತೀರಾ ಹತ್ತಿರ ಕೂಡುತ್ತದೆ. ಮಲ್ಲಟದ ಕಡೆ ಗದ್ದೆಗೆ ನೀರು ಬಿಟ್ಟಿದ್ದಾಗ ಏರಿಯ ಮೇಲೆ ಹೋದೆ. ನಮ್ಮ ಎರೆ ಮಣ್ಣಿನ ಗುಣ ಹೊರದೇಶದ ಕೆಸರಿಗೆ ಎಲ್ಲಿ ಬರಬೇಕು? ಹತ್ತು ಮಾರು ಹೋಗುವಷ್ಟರಲ್ಲಿ ಬ್ರೇಕಿಗೂ ಗಾಲಿಗೂ ನಡುವೆ ಮಣ್ಣು ತುಂಬಿ, ಸೈಕಲ್ ನಡುದಾರಿಯಲ್ಲಿ ಕಂಬದಂತೆ ನಿಂತುಬಿಟ್ಟಿತು. ಹೇರ್‌ಪಿನ್ನಿನಿಂದ ಮಣ್ಣು ಕೆರೆದೆ, ಬೇವಿನ ಕಡ್ಡಿಯಿಂದ ಕೆರೆದೆ, ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೆ. ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. "ಮೇಡಂ, ಅದರ ಮ್ಯಾಲ ನೀವು ಕೂಡಬೇಕೋ, ನಿಮ್ಮ ಮ್ಯಾಲ ಅದು ಕೂಡಬೇಕೋ?" ಅಂತ ಒಬ್ಬಾಕೆ ಕೇಳಿದಳು. ಅವತ್ತು ನಾನು ಅಸಲಿ ಸೈಕ್ಲೋಕ್ರಾಸ್ ಮಾಡಿದೆ.

ಒಣ ರಸ್ತೆಯಲ್ಲಾದರೂ ನಿಲ್ಲುತ್ತದಲ್ಲ ಅಂದುಕೊಂಡರೆ, ಅದೂ ನಾಲ್ಕೇ ದಿನಕ್ಕೆ ಕೈಕೊಟ್ಟಿತು. ಹಿಂದಿನದು ಸರಿಯಿರುತ್ತಿತ್ತು, ಮುಂದಿನದು ಮಾತ್ರ ಸೋಲುತ್ತಿತ್ತು. ಚಾಚಾಗೆ ಇದು ಮಾನದ ಪ್ರಶ್ನೆಯಾಯಿತು. "ಇದಕ್ಕ ಡಿಸ್ಕೇ ದವಾ" ಅಂದರು. ಡಿಸ್ಕ್ ಕೂಡಿಸಲು ಈ ಸೈಕಲ್ಲಿನಲ್ಲಿ ಜಾಗವೇ ಇರಲಿಲ್ಲ, ಅದಕ್ಕೆ ಮುಂದಿನ ಫೋರ್ಕನ್ನೇ ಬದಲಾಯಿಸಬೇಕು, ಗಾಲಿಯನ್ನೂ ಬದಲಾಯಿಸಬೇಕು. ಹೈದರಾಬಾದಿನಿಂದ ಎರಡೂ ತರಿಸಿದರು. ಹಿಂದೆ ಹಳೇ ಕ್ಯಾಂಟಿಲಿವರ್ ವಾಪಸು ಹಾಕಿ, ಮುಂದೆ ವೈರಿನ ಡಿಸ್ಕ್ ಬ್ರೇಕ್ ಕೂಡಿಸಿದರು. ಗಾಲಿಯ ನಡುವಿನಲ್ಲಿ ಉಕ್ಕಿನ ತಟ್ಟೆ, ಅದನ್ನು ಕಚ್ಚುವ ಎರಡು ಗುಟ್ಟಿ. ಕೆಸರು ಅಲ್ಲಿಗೆ ಮುಟ್ಟುವುದಿಲ್ಲ. ಎರಡು ಬೆರಳಿಗೆ ಸೈಕಲ್ ನಿಂತಿತು. ಚಾಚಾ ಸಂದಿಯ ಜನರನ್ನೆಲ್ಲ ಕರೆದು ತೋರಿಸಿದರು.

ಐದನೇ ದಿನ ಭಾನುವಾರ. ದೇವದುರ್ಗದ ಅದೇ ಇಳಿಜಾರಿನಲ್ಲಿ, ಡಿಸ್ಕ್ ಇದೆ ಅನ್ನುವ ಸೊಕ್ಕಿನಲ್ಲಿ ಬಿಟ್ಟೆ. ಕುರಿಯೂ ಇರಲಿಲ್ಲ, ಯಾರೂ ಇರಲಿಲ್ಲ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಹಿಡಿಕೆ ಬಂದು ಹ್ಯಾಂಡಲ್ಲಿಗೆ ತಾಗಿತು. ಏನೂ ಆಗಲಿಲ್ಲ. ಗಾಬರಿಗೆ ಹಿಂದಿನದನ್ನು ಜೋರಾಗಿ ಹಿಡಿದೆ, ಗಾಲಿ ಜಾರಿತು, ನಾನೂ ಸೈಕಲ್ಲೂ ರಸ್ತೆ ಬಿಟ್ಟು ಬಳ್ಳಾರಿ ಜಾಲಿಯ ಪೊದೆಯೊಳಗೆ ಹೋದೆವು. ಆ ಪೊದೆ ಇರದಿದ್ದರೆ ಆಚೆಗೆ ಕಲ್ಲಿನ ಕ್ವಾರಿ, ಆಳದಲ್ಲಿ ನೀರು. ಮುಳ್ಳಿನ ನಡುವೆ ಕೂತು ಆ ನೀರು ನೋಡಿದೆ. ಸಾಯುವ ಭಯ ಅಂದರೆ ಏನು ಅಂತ ನನಗೆ ಅವತ್ತು ಮೊದಲ ಸಲ ಗೊತ್ತಾಯಿತು.

ಅಪ್ಪ ನನ್ನ ಮೈಮೇಲಿನ ಗೀರು ನೋಡಿ ಬಿಳಿಚಿಕೊಂಡ. "ಮುಂದಿನದು ಹಿಡಿದೇನು?" ಅಂತ ಕೇಳಿದ. "ಹಿಡಿದೆ, ಹತ್ತಲಿಲ್ಲ" ಅಂದೆ. ಅವನು ಎದ್ದು ಹಿತ್ತಲಿಗೆ ಹೋದ. ಗಂಡ ಇನ್ನೊಂದೇ ಸಲ ಅಂತ ಅವಕಾಶ ಕೊಟ್ಟ, ಅದೂ ಸೈಕಲ್ಲನ್ನು ತಾನೇ ಬಸ್ಸಿಗೇರಿಸಿ.

ಚಾಚಾನ ಮೇಲೆ ಹರಿಹಾಯ್ದೆ. ನಾನು ಸಿಟ್ಟಿನವಳು, ಮೂವತ್ತು ಜನರ ಮುಂದೆ ಬೈಯುವ ಅಭ್ಯಾಸ ಬೇರೆ ಇದೆ. ಅವರು ಪೂರ್ತಿ ಕೇಳಿ, ಸೈಕಲ್ ನೋಡಿ, "ಅಲ್ಲಾ ಕಸಂ ಮೇಡಂ, ಇದು ತಾನಾಗಿ ಸಡಿಲಾಗಿಲ್ಲ. ಯಾರೋ ಕೈ ಹಚ್ಯಾರ" ಅಂದರು. ಬ್ರೇಕಿಗೆ ವೈರು ಸೇರುವ ಕಡೆ ಬೆರಳಿನಲ್ಲೇ ತಿರುಗಿಸುವಂಥ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೊರಗೆ ತಿರುಗಿಸಿದರೆ ಬಿಗಿ, ಒಳಗೆ ತಿರುಗಿಸಿದರೆ ಸಡಿಲು. ಅವರು ಅದನ್ನು ಹೊರಗೆ ತಿರುಗಿಸಿ ಹದಕ್ಕೆ ತಂದು, "ನೇಲ್ ಪಾಲಿಶ್ ಅದ ಏನ್ರಿ?" ಅಂದರು. ಬ್ಯಾಗಿನಲ್ಲಿತ್ತು, ಕೆಂಪು. ಸ್ಕ್ರೂವಿನಿಂದ ಬ್ರೇಕಿನ ಮೈವರೆಗೆ ಒಂದು ಸಣ್ಣ ಗೆರೆ ಎಳೆದರು. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ, ಎರಡು ತುಂಡು ಎರಡು ಕಡೆ ಹೋಗುತ್ತವೆ.

ಆ ವಾರ ನಾನು ದಿನಾ ಮುಂಜಾನೆ ಬಗ್ಗಿ ಗೆರೆ ನೋಡಿದೆ. ಗೆರೆ ನೆಟ್ಟಗೆ ಇತ್ತು. ಮೊದಲ ದಿನ ನೆಟ್ಟಗೆ, ಎರಡನೇ ದಿನ ನೆಟ್ಟಗೆ, ನಾಲ್ಕನೇ ದಿನವೂ ನೆಟ್ಟಗೆ. ಬ್ರೇಕು ಮಾತ್ರ ದಿನದಿಂದ ದಿನಕ್ಕೆ ಸಡಿಲಾಗಿ ಐದನೇ ದಿನ ಹಿಡಿಕೆ ಮತ್ತೆ ಹ್ಯಾಂಡಲ್ಲಿಗೆ ತಾಗಿತು. ಈಗ ಚಾಚಾ ಸಿಕ್ಕಿಬಿದ್ದರು ಅಂತ ನನಗೆ ಒಳಗೊಳಗೇ ಕೆಟ್ಟ ಖುಷಿ. ರಾಯಚೂರಿಗೆ ಹೋಗಿ, "ನೋಡ್ರಿ, ಯಾರೂ ಮುಟ್ಟಿಲ್ಲ. ಗೆರಿ ಹಂಗ ಅದ" ಅಂದೆ.

ಚಾಚಾ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿ ನಕ್ಕರು. "ನೀವು ಸೈನ್ಸ್ ಟೀಚರ್ ಅಲ್ಲೇನ್ರಿ? ಗೆರಿ ಸೀಳ್ಯದ, ಕೂದಲಿನಷ್ಟು. ತಿರುಗಿಸಿ ಮತ್ತ ಅದೇ ಜಾಗಕ್ಕ ತಂದು ನಿಲ್ಲಿಸ್ಯಾರ. ನಾ ಬಿಟ್ಟಾಗ ಸ್ಕ್ರೂದ ಮೈಮ್ಯಾಲಿನ ಮರಿ, ಆ ಸುರುಳಿ ಗೀರು, ಹೊರಗ ನಾಕು ಸುತ್ತು ಕಾಣ್ತಿತ್ತು, ಈಗ ಒಂದೂ ಇಲ್ಲ. ಪೂರಾ ನಾಕು ಸುತ್ತು ಒಳಗ ಹೋಗ್ಯದ." ಭೂತಗನ್ನಡಿ ಕೆಳಗಿಟ್ಟು ಮತ್ತೆ ಅಂದರು, "ಕಾಲು ಸುತ್ತು ಹೆಚ್ಚಿಲ್ಲ, ಕಾಲು ಸುತ್ತು ಕಮ್ಮಿ ಇಲ್ಲ. ಯಾರೋ ಭಾಳ ಶಿಸ್ತಿನ ಮನಷ್ಯಾ ಮೇಡಂ."

ನನಗೆ ಅಲ್ಲೇ ಗೊತ್ತಾಯಿತು. ಬಿಗಿ ಮಾಡಲು ಹೊರಟ ಚಾಚಾನನ್ನು ತಡೆದು, ಸೈಕಲ್ಲನ್ನು ಇದ್ದ ಹಾಗೇ ಮನೆಗೆ ತಂದೆ.

ಚಿಕ್ಕವಳಿದ್ದಾಗ ಕಾಲುವೆಯ ತೂಬಿನ ಮೇಲೆ ಅಪ್ಪನ ಪಕ್ಕ ಕೂತು ಎಷ್ಟೋ ಸಲ ನೋಡಿದ್ದೇನೆ. ಗೇಟಿನ ಚಕ್ರದ ಒಂದು ಕಡ್ಡಿಗೆ ಬಿಳಿ ಬಣ್ಣ ಬಳಿದಿತ್ತು. ಬಿಳಿ ಕಡ್ಡಿ ತಿರುಗಿ ಮತ್ತೆ ಮೇಲಕ್ಕೆ ಬಂದರೆ ಒಂದು ಸುತ್ತು. ಅಪ್ಪ ಯಾವತ್ತೂ ಅದನ್ನು ನಡುವೆ ಬಿಟ್ಟವನಲ್ಲ. ಮೇಲಿನ ಹೊಲದವರು ಕಾಲು ಸುತ್ತು ಹೆಚ್ಚು ಬಿಡು ಅಂತ ಕೋಳಿ ತಂದುಕೊಟ್ಟರೂ ಬಿಡುತ್ತಿರಲಿಲ್ಲ, ಕೊನೆಯ ಹೊಲದವರು ಬಂದು ಅಂಗಿ ಹಿಡಿದರೂ ಬಿಡುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಮುಂದಿನ ಪಾಳಿಯವನಿಗೆ ಎಣಿಕೆ ತಪ್ಪುತ್ತದೆ ಅನ್ನುತ್ತಿದ್ದ. ಪಾಳಿ ಮುಗಿದು ಇನ್ನೊಬ್ಬ ಗ್ಯಾಂಗ್‌ಮನ್ ಬಂದಾಗ, "ಆರು ಅದ. ಇನ್ನ ನೀ ನೋಡ್ಕೋ" ಅಂದು, ಟವೆಲ್ ಹೆಗಲ ಮೇಲೆ ಹಾಕಿಕೊಂಡು, ತಿರುಗಿ ನೋಡದೆ ಹೊರಟುಬಿಡುತ್ತಿದ್ದ.

ಮರುದಿನ ಮುಂಜಾನೆ ಅವನು ಟವೆಲ್ ತಗೊಂಡು ಬರುವ ಮೊದಲೇ ನಾನು ಸೈಕಲ್ಲಿನ ಪಕ್ಕ ಕೂತಿದ್ದೆ. ಅವನು ಬಂದು ಎದುರಿಗೆ ಕುಕ್ಕರಿಸಿದ.

"ಯಪ್ಪಾ, ಎಷ್ಟು ಸುತ್ತು?" ಅಂತ ಕೇಳಿದೆ.

"ನಾಕು" ಅಂದ. ಕಾಲುವೆಯ ಇಂಜಿನಿಯರ್ ಕೇಳಿದಾಗ ಹೇಳುತ್ತಿದ್ದಂತೆ, ಯೋಚನೆ ಕೂಡ ಮಾಡದೆ. ಆಮೇಲೆ ತಾನು ಹೇಳಿದ್ದೇನು ಅಂತ ಅರಿವಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಸುಳ್ಳು ಹೇಳಬಾರದು, ನನಗೆ ಎಷ್ಟು ಸಿಟ್ಟು ಬಂತೆಂದರೆ ಅಪ್ಪ ಅನ್ನುವುದನ್ನೂ ನೋಡಲಿಲ್ಲ. "ನನ್ನ ಕೊಲ್ಲಾಕ ಹೊಂಟಿದ್ದೇನು? ಆ ಜಾಲಿ ಪೊದಿ ಇರಲಿಲ್ಲಾಂದ್ರ ಇವತ್ತಿಗೆ ನನ್ನ ತಿಥಿ ಆಗಿ ಎಷ್ಟೋ ದಿನ ಆಗತಿತ್ತು. ಬ್ರೇಕ್ ಸಡಿಲ ಮಾಡೋದು ಯಾರ ಬುದ್ಧಿ?" ಅಂತ ಕೂಗಿದೆ. ಗಂಡ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು ನಿಂತ. ಬುದ್ಧ ಮೇಲೆ ಕಣ್ಣು ಮುಚ್ಚಿಕೊಂಡಿದ್ದ, ಅವನು ಸಾಕ್ಷಿ ಹೇಳುವ ಹಾಗಿರಲಿಲ್ಲ.

ಅಪ್ಪ ನನ್ನ ಗದ್ದದ ಕಡೆ ಬೆರಳು ತೋರಿಸಿದ. ನನ್ನ ಗದ್ದದ ಕೆಳಗೆ ಒಂದು ಉದ್ದನೆಯ ಗಾಯದ ಗುರುತು ಇದೆ, ಹೆಲ್ಮೆಟ್ಟಿನ ಪಟ್ಟಿ ಅದರ ಮೇಲೇ ಬರುತ್ತದೆ. ನಾಲ್ಕು ವರ್ಷದವಳಿದ್ದಾಗ ಒರಳು ಕಲ್ಲಿನ ಮೇಲೆ ಬಿದ್ದು ಆದದ್ದು. ಹಾಗಂತ ಅವ್ವ ಹೇಳುತ್ತಿದ್ದಳು. ಇರುವಷ್ಟು ದಿನ ಅವಳು ಆ ಒರಳನ್ನು ನನ್ನ ಎದುರಿಗೇ ಬೈದಳು. ನಾನಂತೂ ಶಾಲೆಗೆ ಹೋಗುವಾಗ ಅದನ್ನು ಒಂದು ಸಲ ಒದ್ದೇ ಹೋಗುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಗುರುತಿನ ಬಗ್ಗೆ ಕೇಳಿದಾಗಲೆಲ್ಲ ಅವ್ವ ಒರಳಿನ ಕತೆ ಹೇಳುತ್ತಿದ್ದಳು, ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಇಬ್ಬರು ಬೇಡ ಅಂದು ಹೋಗಿದ್ದರು.

"ಒರಳಲ್ಲವ್ವ, ನಾನು" ಅಂದ.

ಅವನು ಹೇಳಿದ್ದು ಇಷ್ಟು. ಆ ದಿನಗಳಲ್ಲಿ ಅವನ ಸೈಕಲ್ಲಿನ ಬ್ರೇಕುಗಳು ಸವೆದಿದ್ದವು. ಸಿರವಾರದ ಸಂತೆಯಲ್ಲಿ ಒಂದು ಜೊತೆ ಹೊಸ ಬ್ರೇಕ್ ಕೊಂಡು, ಯಾರಿಗೂ ಕೊಡದೆ ತಾನೇ ಕೂಡಿಸಿದ. ನಾಲ್ಕು ಸುತ್ತು ಹೆಚ್ಚಿಗೆ ಬಿಗಿ ಮಾಡಿದ, ಗೇಟಿನಂತೆ ಗಟ್ಟಿ ಹಿಡಿಯಲಿ ಅಂತ. ಮುಂದಿನ ವಾರ ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸಂತೆಗೆ ಹೊರಟ. ಏರಿಯಿಂದ ಇಳಿಯುವಾಗ ಒಂದು ಎಮ್ಮೆಕರು ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದ. ಗಾಲಿ ಅಲ್ಲೇ ನಿಂತಿತು, ಸೈಕಲ್ಲಿನ ಹಿಂಭಾಗ ಮೇಲೆದ್ದಿತು, ನಾನು ಹ್ಯಾಂಡಲ್ ದಾಟಿ ಹೋಗಿ ತೂಬಿನ ಕಲ್ಲಿಗೆ ಬಡಿದೆ.

"ಉಸಿರು ಇರಲಿಲ್ಲ ನಿನಗ. ನನ್ನ ಲೆಕ್ಕದಾಗ ನೀ ಸತ್ತಿದ್ದಿ. ಎತಗೊಂಡು ದವಾಖಾನಿ ತನಕ ಓಡಿದೆ, ಅದರ ಬಾಗಲದಾಗ ನೀ ಅಳಾಕ ಹತ್ತಿದಿ. ಬ್ರೇಕು ಬಿಚ್ಚಿ ಕಾಲವ್ಯಾಗ ಒಗದೆ. ನಿಮ್ಮವ್ವಗ ಕೈ ಮುಗದೆ, ಒರಳಂತ ಹೇಳು ಅಂದೆ. ಆಕಿ ಸಾಯೋ ತನಕ ಹೇಳಿದ್ಲು. ಮೊನ್ನೆ ನೀ ಪೊದ್ಯಾಗ ಬಿದ್ದಾಗೂ, ಮುಂದಿನದು ಹತ್ತಿದ್ರ ಕಲ್ಲಿಗೇ ಬೀಳತಿದ್ದಿ ಅಂದ್ಕೊಂಡೆ." ಇಷ್ಟು ಹೇಳಿ ಅವನು ಅತ್ತ. ಅಪ್ಪ ಅತ್ತದ್ದನ್ನು ಅವ್ವ ಹೋದ ದಿನ ಬಿಟ್ಟರೆ ನಾನು ನೋಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನೂ ಅತ್ತೆ. ಗಂಡ ಒಳಗೆ ಹೋಗಿ ಬಾಯಿ ತೊಳೆದುಕೊಂಡು ಬಂದು ಮೂವರಿಗೂ ಚಹಾ ಮಾಡಿದ, ಸಕ್ಕರೆ ಹಾಕುವುದನ್ನು ಮರೆತಿದ್ದ. ನನಗೆ ಅದೇ ಬೇಕಿತ್ತು.

ಅಳು ನಿಂತ ಮೇಲೆ ನನ್ನೊಳಗಿನ ಟೀಚರು ಎದ್ದಳು. ಸೀಮೆಸುಣ್ಣ ತಂದು ಹಾಲಿನ ನೆಲದ ಮೇಲೆ ಸೈಕಲ್ ಬರೆದು, ಬಾಣ ಎಳೆದು, ತಪ್ಪು ಬ್ರೇಕಿನದಷ್ಟೇ ಅಲ್ಲ, ಮುಂದೆ ಬಾರಿನ ಮೇಲೆ ಕೂತಿದ್ದ ನನ್ನ ಭಾರದ್ದೂ ಪಾಲಿತ್ತು ಅಂತ ವಿವರಿಸಿದೆ. ಅಪ್ಪ ಚಿತ್ರವನ್ನು ನೋಡಿದ. "ನಾಕು ವರ್ಷದ ಕೂಸಿನ ಮ್ಯಾಲ ಹಾಕಬ್ಯಾಡ" ಅಂದ. ವಿಜ್ಞಾನ ಅಲ್ಲಿಗೇ ಮುಗಿಯಿತು.

ಆಮೇಲೆ ನಾನು ಒಂದೇ ಮಾತು ಹೇಳಿದೆ. "ನೀ ಹಾಕಿದ ನಾಕು ಸುತ್ತು ನೀನೇ ತಗಿ. ಏರಿ ಮ್ಯಾಲ ಹೊಡದು ತೋರಸ್ತೀನಿ. ನೋಡಿ ಬ್ಯಾಡ ಅಂದ್ರ ಸೈಕಲ್ ಮಾರ್ತೀನಿ." ಗಂಡ ತಲೆಯಾಡಿಸಿದ. ಅಪ್ಪ ಸ್ಕ್ರೂ ಹಿಡಿದು, ಕೆಂಪು ಗೆರೆ ನೋಡುತ್ತ, ಬಾಯಲ್ಲಿ ಎಣಿಸುತ್ತ ನಾಲ್ಕು ಸುತ್ತು ಹೊರಗೆ ತಂದ. ಗೆರೆ ನೆಟ್ಟಗೆ ಬಂದು ಕೂತಿತು.

ಮೂವರೂ ಕಾಲುವೆಗೆ ಹೋದೆವು. ಅಪ್ಪನೇ ಜಾಗ ತೋರಿಸಿದ. ಏರಿಯಿಂದ ತೂಬಿನ ಕಡೆಗೆ ಇಳಿಯುವ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ನಾನು ಮೇಲೆ ಹೋಗಿ ತಿರುಗಿ ನೋಡಿದರೆ ಅಪ್ಪ ದಾರಿಯ ನಡುವೆ, ತೂಬಿನ ಕಲ್ಲಿನ ಮುಂದೆ ನಿಂತಿದ್ದಾನೆ.

"ಪಕ್ಕಕ್ಕ ಸರಿ ಯಪ್ಪಾ, ಆ ಕಡಿ ನಿಲ್ಲು" ಅಂತ ಕೂಗಿದೆ.

"ಇಲ್ಲೇ ನಿಂತಿತ್ತು ಕರು. ಇಲ್ಲೇ ನಿಲ್ತೀನಿ. ಬಾ" ಅಂದ.

ಗಂಡ ಹೋಗಿ ಕೈ ಹಿಡಿದು ಎಳೆದ, ಅಪ್ಪ ಸರಿಯಲಿಲ್ಲ. ಮೂವತ್ತು ವರ್ಷ ಗದ್ದೆಯವರ ಜಗಳದ ನಡುವೆ ನಿಂತ ಮನುಷ್ಯ, ನನ್ನ ಗಂಡನ ಎಳೆತಕ್ಕೆ ಸರಿಯುತ್ತಾನೆಯೇ? ದಿನಾ ಇನ್ನೊಬ್ಬರಿಗೆ ಕಲಿಸುತ್ತಿದ್ದದ್ದೆಲ್ಲ ಆ ಹೊತ್ತಿನಲ್ಲಿ ನನಗೇ ಸುಳ್ಳು ಅನ್ನಿಸಿತು. ಬ್ರೇಕು ಹತ್ತದಿದ್ದರೆ ಅಪ್ಪನ ಎಲುಬು ಉಳಿಯುವುದಿಲ್ಲ, ಹೆಚ್ಚು ಹತ್ತಿದರೆ ನಾನೇ ಅವನ ಕಣ್ಣೆದುರು ಅದೇ ಕಲ್ಲಿಗೆ ಬೀಳುತ್ತೇನೆ. ಇಳಿದು ನಡೆದುಕೊಂಡು ಹೋಗೋಣ ಅಂತಲೂ ಅಂದುಕೊಂಡೆ. ಆದರೆ ಅವನು ಅಲ್ಲಿ ನಲವತ್ತು ವರ್ಷದಿಂದ ನಿಂತಿದ್ದಾನೆ ಅನ್ನಿಸಿತು.

ಬಿಟ್ಟೆ. ಗಾಳಿ ಕಿವಿಯಲ್ಲಿ ಗುಯ್ಯೆಂದಿತು. ಮೈ ಹಿಂದಕ್ಕೆ ಹಾಕಿ, ಎರಡು ಬೆರಳಲ್ಲಿ ಮುಂದಿನ ಬ್ರೇಕ್ ಮೆತ್ತಗೆ, ಆಮೇಲೆ ಗಟ್ಟಿ ಹಿಡಿದೆ. ಡಿಸ್ಕ್ ಕಚ್ಚಿತು. ಹಿಂದಿನ ಗಾಲಿ ನೆಲ ಬಿಡಲಿಲ್ಲ. ಸೈಕಲ್ ಅಪ್ಪನ ಪಂಚೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಪ್ಪ ಕಣ್ಣು ಮುಚ್ಚಿರಲಿಲ್ಲ, ಒಂದು ಹೆಜ್ಜೆಯೂ ಹಿಂದೆ ಹಾಕಿರಲಿಲ್ಲ.

ಅವನು ಗಾಲಿಯ ಮುಂದೆ ಕುಕ್ಕರಿಸಿದ. ಸ್ಕ್ರೂ ಹಿಡಿದು ತಿರುಗಿಸಿದ. ಮತ್ತೆ ಶುರುವಾಯಿತು ಅಂದುಕೊಂಡು ಬಗ್ಗಿ ನೋಡಿದೆ. ಒಳಗಲ್ಲ, ಹೊರಗೆ ತಿರುಗಿಸುತ್ತಿದ್ದ. ಒಂದು ಸುತ್ತು, ಪೂರ್ತಿ, ಕೆಂಪು ಗೆರೆ ಮೇಲೆ ಬರುವವರೆಗೆ. ಮೊಣಕಾಲಿನ ಮೇಲೆ ಕೈ ಊರಿ ಎದ್ದ.

"ಐದು ಅದ" ಅಂದ. "ಇನ್ನ ನೀ ನೋಡ್ಕೋ."

ಟವೆಲ್ ಹೆಗಲ ಮೇಲೆ ಹಾಕಿಕೊಂಡು ಏರಿಯ ಮೇಲೆ ಮನೆಯ ಕಡೆ ನಡೆದ, ತಿರುಗಿ ನೋಡಲಿಲ್ಲ. ಐದಕ್ಕೆ ಡಿಸ್ಕ್ ಸ್ವಲ್ಪ ಉಜ್ಜುತ್ತದೆ, ದಾರಿಯುದ್ದಕ್ಕೂ ಸದ್ದು ಬರುತ್ತದೆ. ಒಂದು ಸುತ್ತು ಕಮ್ಮಿ ಮಾಡ್ರಿ ಅಂತ ನಾನು ಹೋದಾಗಲೆಲ್ಲ ಚಾಚಾ ಬೈಯುತ್ತಾರೆ. ನಾನು ಅದನ್ನು ಮುಟ್ಟಿಲ್ಲ, ಅವರಿಗೂ ಮುಟ್ಟಲು ಬಿಟ್ಟಿಲ್ಲ.